ಯಾರ ಸಹಿ ಮೊದಲು?

2024ರ ಸೆಪ್ಟೆಂಬರ್ 14ರ ಸಂಜೆ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೆ ಆ ಋತುವಿನ ಮೊದಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯ. ಎದುರಾಳಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹುಡುಗ ಜರ್ಕಿನ್ನಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಕೂತಿದ್ದ. ಚಳಿಯೇನೂ ಇರಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕಾರಣ ಗೊತ್ತಾಯಿತು. ಈಸ್ಟ್ ಬೆಂಗಾಲ್‌ಗೆ ಒಂದು ಕಾರ್ನರ್ ಸಿಕ್ಕಿತು, ಇವನಿಗೆ ತಡೆಯಲಾಗಲಿಲ್ಲ, ಜಿಪ್ಪು ಸರ್ರನೆ ಕೆಳಗಿಳಿಯಿತು. ಒಳಗೆ ಕೆಂಪು–ಹಳದಿ ಜೆರ್ಸಿ. ಸುತ್ತ ಎಲ್ಲಿ ನೋಡಿದರೂ ನೀಲಿ ಅಂಗಿ. ಕಾರ್ನರ್ ವ್ಯರ್ಥವಾದ ಮೇಲೆ ಜಿಪ್ಪು ಮತ್ತೆ ಮೇಲೇರಿತು.

ಮೊದಲರ್ಧದಲ್ಲೇ 19ರ ಹುಡುಗ ವಿನೀತ್ ವೆಂಕಟೇಶ್ ಬೆಂಗಳೂರಿಗೆ ಗೋಲು ಹೊಡೆದ. ಅದೊಂದೇ ಗೋಲು, ಪಂದ್ಯ ಮುಗಿದದ್ದೂ 1–0ರಲ್ಲೇ. ನನ್ನ ನೆರೆಯವನು ಆಟಕ್ಕಿಂತ ಹೆಚ್ಚಾಗಿ ಫೋನ್ ನೋಡುತ್ತಿದ್ದ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ‘ಅನ್ವರ್ ಕೇಸ್ ಸರ್. ನಿನ್ನೆ ದಿಲ್ಲಿ ಹೈಕೋರ್ಟ್‌ನಲ್ಲಿ ಏನೋ ಆಯ್ತು. ಇವತ್ತು ಆಡಿಸಲಿಲ್ಲ. ಮುಂದಿನ ಮ್ಯಾಚಾದ್ರೂ ಆಡಿಸ್ತಾರಾ ಅಂತ’ ಎಂದ. ವೈಟ್‌ಫೀಲ್ಡ್‌ನಲ್ಲಿ ಏಳು ವರ್ಷ ಕೆಲಸ ಮಾಡಿ ಕಲಿತ ಕನ್ನಡ. ಹೊರಗೆ ಬರುವಾಗ ಅವನಾಗಿಯೇ ಹೇಳಿದ: ‘ನಿಮ್ಮ ಕಡೆ ಆಟಗಾರ ಸಹಿ ಹಾಕಿದರೆ ಸುದ್ದಿ. ನಮ್ಮ ಕಡೆ ಯಜಮಾನ ಸಹಿ ಹಾಕಿದರೆ ಸುದ್ದಿ ಸರ್.’

ಆ ಮಾತನ್ನು ಕೇಳಿದ ಮೇಲೆ ಈಸ್ಟ್ ಬೆಂಗಾಲ್‌ನ ಇತ್ತೀಚಿನ ಚರಿತ್ರೆಯನ್ನು ನಾನು ಗೋಲುಗಳ ಲೆಕ್ಕದಲ್ಲಿ ಓದುವುದನ್ನು ಬಿಟ್ಟು ಸಹಿಗಳ ಲೆಕ್ಕದಲ್ಲಿ ಓದತೊಡಗಿದೆ. ಹಾಗೆ ಓದಿದರೇ ಅದು ಅರ್ಥವಾಗುವುದು.

ಬಚ್ಚಿಟ್ಟ ಆಟಗಾರರು

‘ವರ್ಗಾವಣೆ’ ಎಂದರೆ ಕನ್ನಡಿಗರ ಕಣ್ಣಿಗೆ ಮೊದಲು ಬರುವುದು ವಿಧಾನಸೌಧದ ಮೂರನೇ ಮಹಡಿ, ಶಿಫಾರಸು ಪತ್ರ, ಮೇ–ಜೂನ್ ತಿಂಗಳಲ್ಲಿ ಮೇಷ್ಟ್ರುಗಳ ಪರದಾಟ. ಬಂಗಾಳಿಗಳಿಗೆ ಫುಟ್‌ಬಾಲಿನ ವರ್ಗಾವಣೆಗೇ ಒಂದು ಪದವಿದೆ: ‘ದೊಲ್ ಬೊದೊಲ್’. ದಳ ಬದಲು. ಪಕ್ಷಾಂತರಕ್ಕೂ ಅವರು ಅದೇ ಪದ ಬಳಸುತ್ತಾರೆ ಎಂಬುದು ಕಾಕತಾಳೀಯವಲ್ಲ. 1970–80ರ ದಶಕಗಳಲ್ಲಿ ದೊಲ್ ಬೊದೊಲ್ ಕಾಲ ಬಂತೆಂದರೆ ಕಲ್ಕತ್ತದ ಸೂಟರ್‌ಕಿನ್ ಸ್ಟ್ರೀಟ್‌ನ ಐಎಫ್‌ಎ (ಬಂಗಾಳದ ಫುಟ್‌ಬಾಲ್ ಸಂಸ್ಥೆ) ಕಚೇರಿಯ ಮುಂದೆ ಜಾತ್ರೆ. ಆಟಗಾರ ಖುದ್ದಾಗಿ ಬಂದು ಅಲ್ಲಿ ಸಹಿ ಹಾಕಬೇಕಿತ್ತು. ಬರುವ ದಾರಿಯಲ್ಲೇ ಎದುರಾಳಿ ಕ್ಲಬ್ಬಿನವರು ಎತ್ತಿಹಾಕಿಕೊಂಡು ಹೋಗಬಾರದಲ್ಲ, ಅದಕ್ಕಾಗಿ ವಾರಗಟ್ಟಲೆ ಮೊದಲೇ ಅವನನ್ನು ಯಾರದೋ ಮನೆಯಲ್ಲಿ ಬಚ್ಚಿಡುತ್ತಿದ್ದರು. ನಮ್ಮ ಶಾಸಕರು ರೆಸಾರ್ಟ್ ಸೇರುವುದಕ್ಕೆ ಎಷ್ಟೋ ಮೊದಲೇ ಬಂಗಾಳದ ಸ್ಟ್ರೈಕರುಗಳು ಆ ಭಾಗ್ಯ ಕಂಡಿದ್ದರು.

ಈ ಕೆಲಸದಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಹೆಸರು ಮಾಡಿದ ಜೋಡಿ ಜೀವನ್ ಚಕ್ರವರ್ತಿ ಮತ್ತು ಪಲ್ಟು ದಾಸ್. ‘ಜಿಬೊನ್–ಪೊಲ್ಟು’ ಎಂದರೆ ಅಲ್ಲಿನ ಹಿರಿಯರು ಈಗಲೂ ನಗುತ್ತಾರೆ. 1980ರಲ್ಲಿ ಸುರಜಿತ್ ಸೇನ್‌ಗುಪ್ತ ಸೇರಿದಂತೆ ದೊಡ್ಡ ಗುಂಪೊಂದು ಕ್ಲಬ್ ಬಿಟ್ಟು ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಹೊರಟುಹೋಯಿತು. ತಂಡ ಬರಿದಾಯಿತು ಎನ್ನುವಾಗ ಅಲಿಗಢ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇರಾನಿ ವಿದ್ಯಾರ್ಥಿಗಳು ಬಂದರು. ಅವರಲ್ಲೊಬ್ಬ ಮಜೀದ್ ಬಿಷ್ಕರ್, 1978ರ ವಿಶ್ವಕಪ್‌ಗೆ ಹೋಗಿದ್ದ ಇರಾನ್ ತಂಡದವ. ಆಮೇಲೆ ಎಲ್ಲೋ ಮರೆಯಾದ ಮಜೀದ್ 2019ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಶತಮಾನೋತ್ಸವಕ್ಕೆ ಕೋಲ್ಕತ್ತಕ್ಕೆ ಬಂದಾಗ ಊರಿಗೆ ಊರೇ ಎದ್ದು ನಿಂತಿತು. ಮೋಸ, ಕಣ್ಣೀರು, ರಾತ್ರೋರಾತ್ರಿ ಟ್ಯಾಕ್ಸಿ ಬದಲಾಯಿಸುವುದು ಎಲ್ಲ ಇದ್ದ ಕಾಲ ಅದು. ಆದರೂ ಆ ಗದ್ದಲವೆಲ್ಲ ಆಟಗಾರನನ್ನು ತರುವುದಕ್ಕಾಗಿ ನಡೆಯುತ್ತಿತ್ತು.

ಸಿಟ್ಟಿನಲ್ಲೇ ಹುಟ್ಟಿದ ಕ್ಲಬ್

ಈಸ್ಟ್ ಬೆಂಗಾಲ್ ಹುಟ್ಟಿದ್ದೇ ಆಡಳಿತದವರ ಮೇಲಿನ ಸಿಟ್ಟಿನಿಂದ. 1920ರ ಜುಲೈ 28ರಂದು ಕೂಚ್‌ಬಿಹಾರ್ ಕಪ್‌ನಲ್ಲಿ ಜೋಡಾಬಾಗಾನ್ ಕ್ಲಬ್ ಮೋಹನ್ ಬಾಗಾನ್ ವಿರುದ್ಧ ಆಡಬೇಕಿತ್ತು. ಪೂರ್ವ ಬಂಗಾಳದ ಶೈಲೇಶ್ ಬೋಸ್ ಎಂಬ ಡಿಫೆಂಡರ್‌ನನ್ನು ಕಾರಣ ಹೇಳದೆ ಹೊರಗಿಟ್ಟರು. ಅದೇ ಕ್ಲಬ್ಬಿನ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿ, ಅವನನ್ನು ಆಡಿಸಿ ಎಂದರು. ಯಾರೂ ಕೇಳಲಿಲ್ಲ. ಅವರು ಎದ್ದು ಹೊರಟರು, ಆಗಸ್ಟ್ 1ರಂದು ಹೊಸ ಕ್ಲಬ್ಬೇ ಹುಟ್ಟಿತು. ತಂಡದ ಆಯ್ಕೆಯ ಬಗ್ಗೆ ಜಗಳವಾಡಿ ಮನೆಗೆ ಹೋಗುವವರನ್ನು ನೋಡಿದ್ದೇವೆ. ನಾಲ್ಕು ದಿನದಲ್ಲಿ ಮನೆಯನ್ನೇ ಕಟ್ಟಿಕೊಂಡವರು ಇವರು.

ವಿಭಜನೆಯಾಗಿ ಗಡಿಯಾಚೆಯಿಂದ ಲಕ್ಷಾಂತರ ಜನ ಗಂಟುಮೂಟೆ ಹೊತ್ತು ಬಂದಾಗ, ಊರು ಕಳೆದುಕೊಂಡ ‘ಬಾಂಗಾಲ್’ಗಳಿಗೆ ಈ ಕ್ಲಬ್ಬಿನ ಹೆಸರಿನಲ್ಲಾದರೂ ಊರು ಉಳಿಯಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದ ದಿನ ಸಿಗಡಿ ದುಬಾರಿಯಾಗುತ್ತಿತ್ತು ಎಂಬ ಮಾತು ಎಲ್ಲರಿಗೂ ಗೊತ್ತು. ಆ ಕಾಲಕ್ಕೆ ಬೆಂಗಳೂರಿನ ಪಾಲೂ ಇದೆ. ಕಾರ್ಯದರ್ಶಿ ಜ್ಯೋತಿಷ್ ಗುಹ ದಕ್ಷಿಣದ ಊರೂರು ಅಲೆದು ಐವರು ಫಾರ್ವರ್ಡ್‌ಗಳನ್ನು ಕಲೆಹಾಕಿದರು: ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೇ. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದರು. 1949ರಿಂದ 51ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಇವರದೇ. ಅವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬರಿಗಾಲಲ್ಲಿ ಆಡಿದ ತಂಡದಲ್ಲಿದ್ದರು (ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ). 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಭಾರತವನ್ನು ಮಣಿಸಿದಾಗ ಆ ‘1’ ಅಹ್ಮದ್ ಖಾನರದು. ಚೆಂಡನ್ನು ಕಾಲಿಗಂಟಿಸಿಕೊಂಡು ಹೊರಳುವ ಪರಿ ನೋಡಿ ಜನ ಅವರನ್ನು ಹಾವಾಡಿಗ ಎಂದು ಕರೆದರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದವರು ಹತ್ತು ವರ್ಷ ಅಲ್ಲೇ ಆಡಿದರು. ತೀರಿಕೊಂಡದ್ದು 2017ರಲ್ಲಿ, ಬೆಂಗಳೂರಿನಲ್ಲೇ.

ಬೆಂಗಳೂರಿನ ದುಡ್ಡು

ಆಟಗಾರರ ನಂತರ ಬೆಂಗಳೂರಿನಿಂದ ಹೋದದ್ದು ದುಡ್ಡು. ಕೋಲ್ಕತ್ತದ ಮೈದಾನದ ಕ್ಲಬ್ಬುಗಳು ಸದಸ್ಯರ ಚಂದಾ, ಶ್ರೀಮಂತರ ದೇಣಿಗೆ, ಟಿಕೆಟ್ ಹಣದಲ್ಲಿ ಬದುಕಿದವು. ರಾಷ್ಟ್ರೀಯ ಲೀಗ್ ಬಂದ ಮೇಲೆ ಅದು ಸಾಲದಾಯಿತು. 1998ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಈಸ್ಟ್ ಬೆಂಗಾಲ್‌ಗೂ ಮೋಹನ್ ಬಾಗಾನ್‌ಗೂ ಒಟ್ಟಿಗೇ ಕೈ ಹಾಕಿತು. ಎರಡರಲ್ಲೂ ಅರ್ಧರ್ಧ ಪಾಲು. ಇವರ ಎದೆಯ ಮೇಲೆ ಕಿಂಗ್‌ಫಿಷರ್, ಅವರ ಎದೆಯ ಮೇಲೆ ಮೆಕ್‌ಡೊವೆಲ್. ಮುಕ್ಕಾಲು ಶತಮಾನದ ಹಗೆತನದ ಎರಡೂ ಬದಿಗೆ ಒಂದೇ ತಿಜೋರಿಯಿಂದ ಸಂಬಳ! ಬೇರೆ ದೇಶದಲ್ಲಾಗಿದ್ದರೆ ದೊಡ್ಡ ರಂಪವಾಗುತ್ತಿತ್ತು. ಕಲ್ಕತ್ತದವರು ಹೊಟ್ಟೆಗೆ ಹಾಕಿಕೊಂಡರು, ಏಕೆಂದರೆ ತಂಡ ಗೆಲ್ಲುತ್ತಿತ್ತು. 2001, 2003, 2004ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಚಾಂಪಿಯನ್. 2003ರ ಜುಲೈನಲ್ಲಿ ಜಕಾರ್ತದಲ್ಲಿ ಥಾಯ್ಲೆಂಡಿನ ಬಿಇಸಿ ಟೆರೊ ಸಾಸನ ತಂಡವನ್ನು 3–1ರಿಂದ ಸೋಲಿಸಿ ಆಸಿಯಾನ್ ಕಪ್ ಎತ್ತಿತು. ಕೋಚ್ ಸುಭಾಷ್ ಭೌಮಿಕ್.

2004ರ ನಂತರ ಪುರುಷರ ತಂಡಕ್ಕೆ ಎರಡು ದಶಕ ರಾಷ್ಟ್ರೀಯ ಲೀಗ್ ಕಿರೀಟ ದಕ್ಕಲಿಲ್ಲ.

2018ರಲ್ಲಿ ಯುಬಿ ಹೋಗಿ ಮತ್ತೊಂದು ಬೆಂಗಳೂರು ಕಂಪನಿ ಬಂತು, ಕ್ವೆಸ್ ಕಾರ್ಪ್. ಶೇ 70ರಷ್ಟು ಪಾಲು. ಸ್ಪೇನಿನ ಕೋಚ್ ಅಲೆಹಾಂಡ್ರೊ ಮೆನೆಂಡೆಜ್ ಬಂದರು. ರಷ್ಯಾ ವಿಶ್ವಕಪ್ ಆಡಿಬಂದ ಕೋಸ್ಟರಿಕದ ಡಿಫೆಂಡರ್ ಜಾನಿ ಅಕೋಸ್ಟ ವಿಮಾನದಿಂದಿಳಿದರು. 2019ರ ಮಾರ್ಚ್ 9ರಂದು ಐ–ಲೀಗ್‌ನ ಕೊನೆಯ ದಿನ ಈಸ್ಟ್ ಬೆಂಗಾಲ್ ತನ್ನ ಪಂದ್ಯ ಗೆದ್ದಿತು. ಅದೇ ಹೊತ್ತಿಗೆ ಚೆನ್ನೈ ಸಿಟಿಯೂ ಗೆದ್ದು ಒಂದೇ ಒಂದು ಅಂಕದಿಂದ ಕಪ್ ಕೊಂಡೊಯ್ದಿತು. ಆಗ ಯಾರಿಗೂ ಗೊತ್ತಿರಲಿಲ್ಲ, ಮುಂದಿನ ಐದಾರು ವರ್ಷದಲ್ಲಿ ಲೀಗ್ ಗೆಲುವಿಗೆ ಅಷ್ಟು ಹತ್ತಿರ ಮತ್ತೆ ಹೋಗುವುದಿಲ್ಲವೆಂದು.

ಕಂಪನಿಗೂ ಕ್ಲಬ್ಬಿನ ಹಳಬರಿಗೂ ಬೇಗನೆ ಹಳಸಿತು. 2020ರ ಏಪ್ರಿಲ್ ಕೊನೆಗೆ, ಕೋವಿಡ್ ಕಾರಣ ತೋರಿಸಿ, ಆಟಗಾರರ ಕರಾರುಗಳನ್ನು ಅವಧಿಗೆ ಮೊದಲೇ ರದ್ದು ಮಾಡಲಾಯಿತು. ಕ್ವೆಸ್ ಹೊರನಡೆಯಿತು. ಬಾಕಿ ಬರಬೇಕಾದ ಆಟಗಾರರು ದೂರು ಕೊಟ್ಟರು. ಅಕೋಸ್ಟ ಫಿಫಾಗೆ ಹೋದರು. ಮರುವರ್ಷ ಫಿಫಾ, ಬಾಕಿ ತೀರಿಸುವವರೆಗೆ ಹೊಸ ಆಟಗಾರರನ್ನು ನೋಂದಾಯಿಸಬಾರದೆಂದು ಈಸ್ಟ್ ಬೆಂಗಾಲ್‌ಗೆ ತಡೆ ಹಾಕಿತು. ಕಂಪನಿ ಹೋಗಿದೆ, ಸಾಲ ಉಳಿದಿದೆ, ಬರೆ ಬಿದ್ದದ್ದು ಜೆರ್ಸಿಗೆ. ಬೆಂಗಳೂರಿನವರಾದ ನಾವು ಇದನ್ನೊಮ್ಮೆ ಗಮನಿಸಿ ಮುಂದೆ ಹೋಗುವುದು ಒಳ್ಳೆಯದು.

ಹಾಕದ ಸಹಿ

ಇಲ್ಲಿಂದ ಮುಂದಿನ ಕತೆ ಒಂದೇ ಕಾಗದದ ಸುತ್ತ ತಿರುಗುತ್ತದೆ.

2020ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ನಬಾನ್ನದಲ್ಲಿ ಕುಳಿತು ಹೊಸ ಹೂಡಿಕೆದಾರರನ್ನು ಘೋಷಿಸಿದರು: ಶ್ರೀ ಸಿಮೆಂಟ್. ಫುಟ್‌ಬಾಲ್ ಕ್ಲಬ್ಬಿಗೆ ಯಜಮಾನ ಸಿಕ್ಕಿದ್ದನ್ನು ರಾಜ್ಯ ಸಚಿವಾಲಯದಲ್ಲಿ ಪ್ರಕಟಿಸುವುದು ಬಂಗಾಳದಲ್ಲಿ ಮಾತ್ರ ಸಾಧ್ಯ. ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿತ್ತು, ಕಂಪನಿಗೆ ಶೇ 76 ಪಾಲು. ಸೆಪ್ಟೆಂಬರ್ 27ಕ್ಕೆ ಐಎಸ್‌ಎಲ್ ಪ್ರವೇಶ. ಅಕ್ಟೋಬರ್‌ನಲ್ಲಿ ಕೋಚ್ ಆಗಿ ಲಿವರ್‌ಪೂಲ್‌ನ ಒಂದು ಕಾಲದ ಹೀರೊ ರಾಬಿ ಫೌಲರ್. ನವೆಂಬರ್ 27ಕ್ಕೆ, ಪ್ರೇಕ್ಷಕರಿಲ್ಲದ ಗೋವಾದಲ್ಲಿ, ಮೊದಲ ಪಂದ್ಯವೇ ಮೋಹನ್ ಬಾಗಾನ್ ವಿರುದ್ಧದ ಡರ್ಬಿ. 2–0 ಸೋಲು.

ಪೂರ್ಣ ಒಪ್ಪಂದದ ಕಾಗದ ಬಂದಾಗ ಕ್ಲಬ್ಬಿನ ಪದಾಧಿಕಾರಿಗಳು ಪೆನ್ನು ಕೆಳಗಿಟ್ಟರು. ಮೊದಲಿನ ಒಪ್ಪಂದದಲ್ಲಿ ಇದ್ದದ್ದೇ ಬೇರೆ, ಇದರಲ್ಲಿ ಇರುವುದೇ ಬೇರೆ, ಸದಸ್ಯರ ಹಕ್ಕೆಲ್ಲ ಹೋಗುತ್ತದೆ ಎಂದರು. ಸಹಿ ಹಾಕದೆ ದುಡ್ಡು ಬಿಚ್ಚುವುದಿಲ್ಲ ಎಂದಿತು ಕಂಪನಿ. ಬಂಗಾಳಿ ಪತ್ರಿಕೆಗಳು ಕ್ಲಬ್ ಪದಾಧಿಕಾರಿಗಳನ್ನು ‘ಕೊರ್ತಾ’ ಎನ್ನುತ್ತವೆ. ನಮ್ಮ ‘ಕರ್ತೃ’ವೇ ಅದು. ವ್ಯಾಕರಣ ಸರಿಯಾಗಿಯೇ ಇದೆ: ಕರ್ತೃ ಪದಾಧಿಕಾರಿಗಳು, ಕರ್ಮ ಅಭಿಮಾನಿಗಳದು. ಕ್ರಿಯಾಪದವೊಂದು ಮಾತ್ರ ಬರಲಿಲ್ಲ. ತಿಂಗಳು ಕಳೆದವು, ಬೇರೆ ಕ್ಲಬ್ಬುಗಳು ಮುಂದಿನ ಋತುವಿಗೆ ತಂಡ ಕಟ್ಟಿದವು, ಈಸ್ಟ್ ಬೆಂಗಾಲ್ ಪತ್ರ ಬರೆಯುತ್ತ, ಪತ್ರಕ್ಕೆ ಉತ್ತರ ಬರೆಯುತ್ತ ಕೂತಿತು.

2021ರ ಜುಲೈ 21ರಂದು ಅಭಿಮಾನಿಗಳು ಮೈದಾನಕ್ಕೆ ಬಂದರು. ಕೋಲ್ಕತ್ತದ ಮೈದಾನ ಸೇನೆಯ ಜಾಗ. ಅಲ್ಲಿನ ಕ್ಲಬ್ ಕಟ್ಟಡಗಳನ್ನು ಇಂದಿಗೂ ‘ಟೆಂಟ್’ ಎಂದೇ ಕರೆಯುತ್ತಾರೆ, ಗೋಡೆ–ಸೂರು ಎಲ್ಲ ಇದ್ದರೂ. ಲೆಸ್ಲಿ ಕ್ಲಾಡಿಯಸ್ ಸರಣಿಯ ಆ ಟೆಂಟಿನ ಮುಂದೆ ಎರಡು ಗುಂಪು. ಒಂದು ಗುಂಪು, ‘ಸಹಿ ಹಾಕಿ, ತಂಡ ಉಳಿಸಿ’ ಎಂದಿತು. ಇನ್ನೊಂದು, ‘ಕ್ಲಬ್ ಮಾರಬೇಡಿ’ ಎಂದು ಪದಾಧಿಕಾರಿಗಳ ಬೆನ್ನಿಗೆ ನಿಂತಿತು. ಎರಡೂ ಗುಂಪಿನ ಮೈಮೇಲೆ ಒಂದೇ ಜೆರ್ಸಿ. ಪೊಲೀಸರು ಲಾಠಿ ಬೀಸಿದರು. ಕೆಂಪು–ಹಳದಿ ಅಂಗಿಯ ಹುಡುಗರು ತಮ್ಮದೇ ಕ್ಲಬ್ಬಿನ ಗೇಟಿನ ಮುಂದೆ ಏಟು ತಿಂದು ಓಡುವ ವಿಡಿಯೊ ಆ ರಾತ್ರಿ ದೇಶವೆಲ್ಲ ಸುತ್ತಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಆಸ್ಪತ್ರೆಗೂ ಹೋಯಿತು.

ಆಗಸ್ಟ್ 25ರಂದು ಮತ್ತೆ ಮುಖ್ಯಮಂತ್ರಿಯೇ ಇಬ್ಬರನ್ನೂ ಕೂರಿಸಿ ಆ ಋತುವಿನ ಮಟ್ಟಿಗೆ ರಾಜಿ ಮಾಡಿಸಿದರು. ಟ್ರಾನ್ಸ್‌ಫರ್ ವಿಂಡೊ ಮುಚ್ಚಲು ಉಳಿದಿದ್ದು ಆರೇ ದಿನ.

ಸಂತೆಗೆ ಹೊತ್ತು ಮೀರಿ ಹೋದರೆ ಏನು ಸಿಗುತ್ತದೆ ಎಂದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಬಾಡಿದ ಸೊಪ್ಪು, ಒಡೆದ ಟೊಮೆಟೊ, ಬೇರೆಯವರು ಮುಟ್ಟಿ ನೋಡಿ ಬಿಟ್ಟುಹೋದ ಬದನೆ. ಫುಟ್‌ಬಾಲ್ ಸಂತೆ ಇನ್ನೂ ಬೇಗ ಕಟ್ಟುತ್ತದೆ. ಕರಾರು ಮುಗಿಯಲು ಆರು ತಿಂಗಳಿದ್ದಾಗಲೇ ಆಟಗಾರ ಮುಂದಿನ ಕ್ಲಬ್ಬಿನೊಂದಿಗೆ ಮಾತಾಡಿ ಸಹಿ ಹಾಕಬಹುದು, ಇದು ಫಿಫಾ ನಿಯಮ. ಭಾರತದಲ್ಲಿ ಕರಾರುಗಳು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತವೆ. ಅಂದರೆ ಜೂನ್‌ನಲ್ಲಿ ವಿಂಡೊ ತೆರೆಯುವ ಹೊತ್ತಿಗೆ ಒಳ್ಳೆಯ ಹುಡುಗರ ಬಾಬತ್ತು ಇತ್ಯರ್ಥವಾಗಿ ತಿಂಗಳುಗಳೇ ಆಗಿರುತ್ತವೆ. ಹೊಸ ಜೆರ್ಸಿ ಹಿಡಿದ ಫೋಟೊ ಮಾತ್ರ ಜೂನ್‌ನದು. ಆಗಸ್ಟ್ 25ಕ್ಕೆ ಚೀಲ ಹಿಡಿದು ಹೋದವರಿಗೆ ಸಿಗುವುದು ಯಾರಿಗೂ ಬೇಡವಾದವರು, ಮಂಡಿ ನೋವಿನವರು, ಇಲ್ಲವೇ ಎಲ್ಲೋ ಬೆಂಚು ಕಾಯುತ್ತಿರುವವರು.

ವಿದೇಶಿಯರನ್ನು ಕೊನೇ ಗಳಿಗೆಯಲ್ಲೂ ತರಬಹುದು, ಸರಿ. ಆದರೆ 2021–22ರಿಂದ ಐಎಸ್‌ಎಲ್‌ನಲ್ಲಿ ಒಮ್ಮೆಗೆ ಅಂಗಳದಲ್ಲಿ ನಾಲ್ವರು ವಿದೇಶಿಯರು ಮಾತ್ರ. ಉಳಿದ ಏಳು ಮಂದಿ ಭಾರತೀಯರೇ ಆಗಬೇಕು. ಲೀಗ್ ಗೆಲ್ಲುವುದು ಆ ಏಳು ಜನರ ಬಲದ ಮೇಲೆ. ಆ ವರ್ಷ ಈಸ್ಟ್ ಬೆಂಗಾಲ್ 20 ಪಂದ್ಯಗಳಲ್ಲಿ ಗೆದ್ದದ್ದು ಒಂದು. ಹನ್ನೊಂದು ತಂಡಗಳಲ್ಲಿ ಹನ್ನೊಂದನೆಯ ಸ್ಥಾನ. ತಮಾಷೆ ಕೇಳಿ: ನೈಜೀರಿಯದ ಸ್ಟ್ರೈಕರ್ ಡೇನಿಯಲ್ ಚಿಮಾ ಇಲ್ಲಿ ತಡವರಿಸಿದ, ಜನವರಿಯಲ್ಲಿ ಅವನನ್ನು ಬಿಟ್ಟುಕೊಟ್ಟರು, ಜಮ್ಷೆಡ್‌ಪುರ ಎತ್ತಿಕೊಂಡಿತು. ಅಲ್ಲಿ ಅವನು ಗೋಲಿನ ಮೇಲೆ ಗೋಲು ಹೊಡೆದ. ಆ ಋತುವಿನ ಲೀಗ್ ಶೀಲ್ಡ್ ಜಮ್ಷೆಡ್‌ಪುರದ ಪಾಲಾಯಿತು. ಹಿಂದಿನ ವರ್ಷ ಇದರದೇ ತಲೆಕೆಳಗು. ಬ್ರೈಟ್ ಎನೊಬಖಾರೆ ಎಂಬ ಇನ್ನೊಬ್ಬ ನೈಜೀರಿಯನ್ ಋತುವಿನ ಮಧ್ಯೆ ಬಂದು ಗೋವಾ ವಿರುದ್ಧ ಐದಾರು ಜನರ ಸಂದಿಯಲ್ಲಿ ನುಸುಳಿ ಒಂದು ಗೋಲು ಹೊಡೆದಿದ್ದ. ಅಭಿಮಾನಿಗಳು ಅವನನ್ನು ದತ್ತು ತೆಗೆದುಕೊಳ್ಳುವುದೊಂದು ಬಾಕಿ. ಋತು ಮುಗಿಯಿತು, ಉಳಿಸಿಕೊಳ್ಳುವ ಮಾತಾಡಲು ಕ್ಲಬ್ಬಿನಲ್ಲಿ ಸಹಿ ಮಾಡುವ ಅಧಿಕಾರಸ್ಥರೇ ಇತ್ಯರ್ಥವಾಗಿರಲಿಲ್ಲ. ಬ್ರೈಟ್ ಇಂಗ್ಲೆಂಡಿಗೆ ಹೋದ.

ಪೆನ್ನು ಕೆಳಗಿಟ್ಟವರ ಪರವಾಗಿ

ಇಷ್ಟು ಬರೆದ ಮೇಲೆ ಪದಾಧಿಕಾರಿಗಳನ್ನು ಖಳರಂತೆ ನಿಲ್ಲಿಸಿ ಬಿಡಬಹುದು. ಆದರೆ ಅವರ ಭಯಕ್ಕೂ ಕಾರಣವಿತ್ತು, ಅದು ಪಕ್ಕದ ಟೆಂಟಿನಲ್ಲೇ ಇತ್ತು. 2020ರಲ್ಲಿ ಆರ್‌ಪಿ–ಸಂಜೀವ್ ಗೋಯೆಂಕಾ ಸಮೂಹ ಮೋಹನ್ ಬಾಗಾನ್‌ನ ಶೇ 80ರಷ್ಟು ಪಾಲು ಪಡೆಯಿತು. 1889ರಲ್ಲಿ ಹುಟ್ಟಿ, 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಶೀಲ್ಡ್ ಗೆದ್ದ ಕ್ಲಬ್ಬಿನ ಹೆಸರು ‘ಎಟಿಕೆ ಮೋಹನ್ ಬಾಗಾನ್’ ಆಯಿತು. ಆರು ವರ್ಷದ ಫ್ರಾಂಚೈಸಿ ಮುಂದೆ, 131 ವರ್ಷದ ಹೆಸರು ಹಿಂದೆ. ತಂಡ ಚೆನ್ನಾಗಿ ಆಡಿತು, ಆಟಗಾರರಿಗೆ ದುಡ್ಡು ಸುರಿಯಿತು, ಆದರೂ ಅಭಿಮಾನಿಗಳು ಮೂರು ವರ್ಷ ‘ರಿಮೂವ್ ಎಟಿಕೆ’ ಎಂದು ಕೂಗಿದರು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಐಎಸ್‌ಎಲ್ ಫೈನಲ್ ಗೆದ್ದ ಮೇಲೆ ಗೋಯೆಂಕಾ ಅವರೇ, ಇನ್ನು ಎಟಿಕೆ ಇರುವುದಿಲ್ಲ, ಮೋಹನ್ ಬಾಗಾನ್ ಸೂಪರ್ ಜೈಂಟ್ ಎಂದು ಘೋಷಿಸಿದರು. ಅಂದು ಸೋತು ನಿಂತದ್ದು ಬೆಂಗಳೂರು ಎಫ್‌ಸಿ. ನಮ್ಮವರು ಅಳುತ್ತಿದ್ದಾಗ ಅವರು ಕಪ್ಪಿಗಿಂತ ಹೆಚ್ಚಾಗಿ ಮೂರಕ್ಷರ ಹೋದದ್ದಕ್ಕೆ ಕುಣಿಯುತ್ತಿದ್ದರು.

ಹಾಗಾಗಿ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಮಾಡಿ ಎನ್ನಲು ನನ್ನಿಂದಾಗದು. ಈಸ್ಟ್ ಬೆಂಗಾಲ್ ನೋಂದಾಯಿತ ಸಂಘ, ಅಲ್ಲಿ ಸದಸ್ಯರಿದ್ದಾರೆ, ಅವರಿಗೆ ಮತವಿದೆ. ಬಿಟ್ಟುಕೊಟ್ಟರೆ ಮತ್ತೆ ಬರುವಂಥದ್ದಲ್ಲ. ನನ್ನ ತಕರಾರು ಬೇರೆ. ಸದಸ್ಯರ ಹಕ್ಕು ಎಂದು ಎದೆ ಬಡಿದುಕೊಂಡವರು ಆ ಕರಾರಿನ ಪ್ರತಿಯನ್ನು ಸದಸ್ಯರ ಮುಂದೆ ಹರಡಿ, ಇದು ಮೊದಲಿನದು, ಇದು ಈಗಿನದು, ಇಂಥ ಸಾಲು ಬದಲಾಗಿದೆ ಎಂದು ಆರಂಭದಲ್ಲೇ ಓದಿ ಹೇಳಬಹುದಿತ್ತು. ಆಗ ಜಗಳ ಕಾಗದದ ಮೇಲೆ ನಡೆಯುತ್ತಿತ್ತು, ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಕಂಪನಿಯೂ ಅಷ್ಟೇ. ಪೂರ್ಣ ಒಪ್ಪಂದವಿಲ್ಲದೆ ಋತುವಿಗೆ ಇಳಿದದ್ದು ಅವರದೇ ತೀರ್ಮಾನ. ಪಂಚಾಂಗ ಕೇಳದೆ ತಾಳಿ ಕಟ್ಟಿ, ಆಮೇಲೆ ಜಾತಕ ಕೂಡಲಿಲ್ಲ ಎಂದಂತಾಯಿತು. 2022ರ ಏಪ್ರಿಲ್‌ನಲ್ಲಿ ಶ್ರೀ ಸಿಮೆಂಟ್ ಹಕ್ಕುಗಳನ್ನು ಹಿಂದಿರುಗಿಸಿ ನಡೆಯಿತು.

ದುಡ್ಡೂ ಇತ್ತು, ಹೊತ್ತೂ ಇತ್ತು

ಯುಬಿ ಹೋದ ಮೇಲೆ ಬಂದ ಮೂರನೆಯ ಯಜಮಾನ ಇಮಾಮಿ. ಮೇ ತಿಂಗಳಲ್ಲಿ ಘೋಷಣೆ (ಮತ್ತೆ ಮುಖ್ಯಮಂತ್ರಿಯಿಂದಲೇ), ಸಹಿ ಬಿದ್ದದ್ದು 2022ರ ಆಗಸ್ಟ್ 2ಕ್ಕೆ. ಮತ್ತೆ ತಡವಾದ ಸಂತೆ, ಕೊನೆಗೆ ಒಂಬತ್ತನೇ ಸ್ಥಾನ. ಆದರೆ ಈ ಸಲ ಯಜಮಾನ ಓಡಿಹೋಗಲಿಲ್ಲ. 2023ರಲ್ಲಿ ಕೋಚ್ ಆಗಿ ಕಾರ್ಲಸ್ ಕ್ವಾದ್ರಾತ್ ಬಂದರು, 2018–19ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಗೆದ್ದುಕೊಟ್ಟ ನಮ್ಮ ಕ್ವಾದ್ರಾತ್. ಆ ಆಗಸ್ಟ್ 12ರಂದು ಡುರಾಂಡ್ ಕಪ್‌ನಲ್ಲಿ ನಂದಕುಮಾರ್ ಗೋಲಿನಿಂದ ಡರ್ಬಿ ಗೆದ್ದರು, ನಾಲ್ಕೂವರೆ ವರ್ಷದ ನಂತರ. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ಎಫ್‌ಸಿಯನ್ನು 3–2ರಿಂದ ಮಣಿಸಿ ಸೂಪರ್ ಕಪ್. ಹೆಚ್ಚುವರಿ ಅವಧಿಯಲ್ಲಿ ಕೊನೆಯ ಗೋಲು ಕ್ಲೇಟನ್ ಸಿಲ್ವಾ ಅವರದು. ಅವರೂ ಒಂದು ಕಾಲದಲ್ಲಿ ಕಂಠೀರವದವರೇ. ರಾಷ್ಟ್ರಮಟ್ಟದ ಕಪ್ ಬಂದು 12 ವರ್ಷವಾಗಿತ್ತು.

ಆ ಬೇಸಿಗೆಯಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು. ಕೇರಳದಲ್ಲಿ 13 ಗೋಲು ಹೊಡೆದು ಚಿನ್ನದ ಬೂಟು ಗೆದ್ದಿದ್ದ ಗ್ರೀಸಿನ ಡಿಮಿಟ್ರಿಯೊಸ್ ಡಯಮಂಟಕೊಸ್ ಬಂದರು. ಪಂಜಾಬ್‌ನಲ್ಲಿ ಮಿಂಚಿದ್ದ ಮದಿಹ್ ತಲಾಲ್ ಬಂದರು. ಕೊನೆಗೆ ಮೋಹನ್ ಬಾಗಾನ್‌ನಿಂದಲೇ ಅನ್ವರ್ ಅಲಿ. ದೆಹಲಿ ಎಫ್‌ಸಿಯಿಂದ ನಾಲ್ಕು ವರ್ಷದ ಎರವಲಿನಲ್ಲಿ ಅಲ್ಲಿದ್ದ ಡಿಫೆಂಡರ್ ಆ ಕರಾರು ಮುರಿದು ಐದು ವರ್ಷಕ್ಕೆ ಇಲ್ಲಿ ಸಹಿ ಹಾಕಿದರು. ಸೂಟರ್‌ಕಿನ್ ಸ್ಟ್ರೀಟ್‌ನ ದಿನಗಳು ಮರಳಿ ಬಂದವು ಎಂದು ಹಳಬರು ಮೀಸೆ ತಿರುವಿದರು. ಸೆಪ್ಟೆಂಬರ್ 10ರಂದು ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ ತೀರ್ಪು ಕೊಟ್ಟಿತು: ಅನ್ವರ್‌ಗೆ ನಾಲ್ಕು ತಿಂಗಳ ನಿಷೇಧ, ಈಸ್ಟ್ ಬೆಂಗಾಲ್ ಮತ್ತು ದೆಹಲಿ ಎಫ್‌ಸಿ ಎರಡು ವಿಂಡೊಗಳಲ್ಲಿ ಯಾರನ್ನೂ ನೋಂದಾಯಿಸುವಂತಿಲ್ಲ, ಮೋಹನ್ ಬಾಗಾನ್‌ಗೆ ₹12.90 ಕೋಟಿ ಪರಿಹಾರ. ಮೂರೇ ದಿನಕ್ಕೆ ದೆಹಲಿ ಹೈಕೋರ್ಟ್‌ನಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು, ಹೊಸದಾಗಿ ವಿಚಾರಣೆ ಎಂದಾಯಿತು. ಮರುದಿನವೇ ಕಂಠೀರವದ ಪಂದ್ಯ. ಜಿಪ್ಪಿನ ಹುಡುಗ ಫೋನಿನಲ್ಲಿ ಹುಡುಕುತ್ತಿದ್ದುದು ಇದನ್ನೇ.

ಆಮೇಲೇನಾಯಿತು? ಮೊದಲ ಆರೂ ಲೀಗ್ ಪಂದ್ಯ ಸೋತರು. ಮೂರು ಸೋಲಿಗೇ ಕ್ವಾದ್ರಾತ್ ರಾಜೀನಾಮೆ ಕೊಟ್ಟಿದ್ದರು. ಡಯಮಂಟಕೊಸ್ ಕೇರಳದ ಡಯಮಂಟಕೊಸ್ ಆಗಲೇ ಇಲ್ಲ. ತಲಾಲ್ ಡಿಸೆಂಬರ್‌ನಲ್ಲಿ ಮಂಡಿ ಮುರಿದುಕೊಂಡು ಋತುವಿನಿಂದಲೇ ಹೊರಬಿದ್ದರು. ಐಎಸ್‌ಎಲ್‌ಗೆ ಬಂದ ಮೊದಲ ಐದು ಋತುಗಳಲ್ಲಿ ಈಸ್ಟ್ ಬೆಂಗಾಲ್‌ನ ಸ್ಥಾನಗಳನ್ನು ಸಾಲಾಗಿ ಬರೆದರೆ ಹೀಗೆ: 9, 11, 9, 9, 9. ತುರ್ತು ಸಹಾಯವಾಣಿ ಸಂಖ್ಯೆಯಂತಿದೆ.

ಅಂದರೆ ಹೊತ್ತಿಗೆ ಸರಿಯಾಗಿ ದುಡ್ಡು ಚೆಲ್ಲಿದರೆ ತಂಡವಾಗುತ್ತದೆ ಎಂದೂ ಇಲ್ಲ. ಹಿಂದಿನ ವರ್ಷ ಬೇರೆ ಕ್ಲಬ್ಬಿನಲ್ಲಿ ಯಾರು ಹೆಚ್ಚು ಗೋಲು ಹೊಡೆದರೋ ಅವರನ್ನು ಹೆಚ್ಚು ದುಡ್ಡಿಗೆ ತರುವುದು ಸುಲಭದ ಖರೀದಿ, ಜ್ಯೋತಿಷ್ ಗುಹ ಮಾಡಿದ್ದು ಅದನ್ನಲ್ಲ. ಅವರು ಯಾರೂ ನೋಡದ ಕಡೆ ಹೋಗಿ ನೋಡಿದರು. ನಾಲ್ಕು ವರ್ಷ ಯಜಮಾನರ ಜಗಳದಲ್ಲಿ ಕಳೆದ ಕ್ಲಬ್ಬಿನಲ್ಲಿ ಹಾಗೆ ನೋಡುವ ಕಣ್ಣುಗಳು ಬೆಳೆಯಲಿಲ್ಲ, ಎಳೆಯರ ತಂಡದಿಂದ ಮೇಲೆ ಬರುವ ಸಾಲೂ ತೆಳುವಾಯಿತು. ತಡವಾದ ಸಹಿಯ ನಿಜವಾದ ನಷ್ಟ ಇದು. ಮೊದಲ ವರ್ಷ ಅದು ಅಂಕಪಟ್ಟಿಯಲ್ಲಿ ಕಾಣುತ್ತದೆ. ಐದನೇ ವರ್ಷ ಎಲ್ಲೂ ಕಾಣದೆ ಎಲ್ಲೆಲ್ಲೂ ಇರುತ್ತದೆ.

ಒಂದು ಕಿರೀಟ ಮಾತ್ರ ಸದ್ದಿಲ್ಲದೆ ಬಂತು. 2025ರ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್‌ನ ಮಹಿಳೆಯರು ಒಡಿಶಾವನ್ನು 1–0ರಿಂದ ಸೋಲಿಸಿ ಭಾರತೀಯ ಮಹಿಳಾ ಲೀಗ್ ಗೆದ್ದರು. 2004ರ ನಂತರ ಆ ಟೆಂಟಿಗೆ ಬಂದ ಮೊದಲ ರಾಷ್ಟ್ರೀಯ ಲೀಗ್ ಕಿರೀಟ. ಕೋಚ್ ಆಂಥೋನಿ ಆಂಡ್ರೂಸ್.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಬೇರೆಯವರ ಮನೆಯ ಸುದ್ದಿಯಂತೆ ಬರೆಯುವ ಸೌಕರ್ಯ ನಮಗೂ ಬಹಳ ದಿನ ಉಳಿಯಲಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಮೂಲ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಅದನ್ನು ನವೀಕರಿಸುವ ಸಹಿ ಬೀಳಲಿಲ್ಲ. ಜುಲೈನಲ್ಲಿ ಐಎಸ್‌ಎಲ್ಲನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸಿತು. ಅಲ್ಲಿಯವರೆಗೆ ಕೋಲ್ಕತ್ತದ ಗೋಳು ಎಂದುಕೊಂಡದ್ದು ಇಡೀ ದೇಶದ ಗೋಳಾಯಿತು.

ಕ್ಲಬ್ಬುಗಳ ಯಜಮಾನರಿಗೂ ಪದಾಧಿಕಾರಿಗಳಿಗೂ ಅಭಿಮಾನಿಯ ಪರವಾಗಿ ಒಂದು ಕೋರಿಕೆ. ಯಾವ ಆಟಗಾರನನ್ನು ಕೊಳ್ಳಬೇಕು ಎಂದು ಅವನನ್ನು ಕೇಳಬೇಡಿ, ಅದು ಕೋಚ್ ಕೆಲಸ. ಕ್ಲಬ್ ಯಾರದು, ಎಷ್ಟು ಪಾಲು, ಎಷ್ಟು ವರ್ಷಕ್ಕೆ, ಬಾಕಿ ಯಾರು ತೀರಿಸಬೇಕು, ಈ ನಾಲ್ಕು ಸಂಗತಿ ಬರೆದ ಕಾಗದವನ್ನು ಸದಸ್ಯರ ಮುಂದಿಡಿ. ಅದಕ್ಕೆ ನವೆಂಬರ್ ಮುಗಿಯುವುದರೊಳಗೆ ಸಹಿ ಹಾಕಿ. ಡಿಸೆಂಬರ್ 1ರಿಂದ ಒಳ್ಳೆಯ ಹುಡುಗರು ಮಾತಿಗೆ ಸಿಗುತ್ತಾರೆ.